ಮುಚ್ಚಳ ತೆಗೆದ ಯಂತ್ರ

ಕಳೆದ ಬೇಸಿಗೆಯ ರಜೆಯಲ್ಲಿ ನಾನು ನನ್ನ ಹುಟ್ಟೂರಾದ ಗೆಂಡೆಹಳ್ಳಿಗೆ ಹೋಗಿದ್ದೆ. ಬೇಲೂರು ತಾಲ್ಲೂಕಿನ ಆ ಊರಿನಲ್ಲಿ ನಮ್ಮ ಹಿರಿಯರ ಮನೆ ಇನ್ನೂ ಇದೆ. ಅದರ ನಡುಮನೆಯಲ್ಲಿ ಒಂದು ಮೇಜು ಹಾಕಿಕೊಂಡು, ಅದರ ಮೇಲೆ ತಂತಿಗಳನ್ನೂ ಚಿಪ್ಪುಗಳನ್ನೂ ಸಾಸಿವೆಗಿಂತ ತುಸು ದೊಡ್ಡದಾದ ಕೆಂಪು ದೀಪಗಳನ್ನೂ ಹರಡಿಕೊಂಡು ನಾನು ದಿನವಿಡೀ ಕುಳಿತಿರುತ್ತಿದ್ದೆ. ನನ್ನ ತಂಗಿಯ ಮಗಳು, ನಿಮ್ಮಂತೆಯೇ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ, ಎರಡು ದಿನ ಇದನ್ನು ನೋಡಿದಳು. ಮೂರನೆಯ ದಿನ ಅವಳಿಗೆ ಸುಮ್ಮನಿರಲಾಗಲಿಲ್ಲ.

“ಏನು ಮಾಡುತ್ತಿದ್ದೀರಿ, ಮಾವ?” ಎಂದು ಕೇಳಿದಳು.

“ಗಣಕಯಂತ್ರವನ್ನು ಕಟ್ಟುತ್ತಿದ್ದೇನೆ” ಎಂದೆ.

“ಕಟ್ಟಿ ಮುಗಿದ ಮೇಲೆ ಅದರಲ್ಲಿ ಏನೇನು ಬರುತ್ತದೆ?”

“ಎರಡು ಸಾಲು ಅಕ್ಷರ ಬರುತ್ತದೆ. ಒಂದೊಂದು ಸಾಲಿಗೆ ಹದಿನಾರು ಅಕ್ಷರ.”

ಅವಳು ನಕ್ಕಳು. ಅವಳ ತಾಯಿಯ ಫೋನು ಪಕ್ಕದಲ್ಲಿಯೇ ಇತ್ತು. ಅದರಲ್ಲಿ ಚಿತ್ರ ಬರುತ್ತದೆ, ಹಾಡು ಬರುತ್ತದೆ, ಲಂಡನ್ನಿನಲ್ಲಿ ಇರುವವರ ಮುಖ ಕಾಣುತ್ತದೆ. “ಎರಡು ಸಾಲಿಗಾಗಿ ಇಷ್ಟು ಕಷ್ಟವೆ?” ಎಂದಳು.

ಅವಳ ಪ್ರಶ್ನೆ ಸಹಜವಾದುದು. ಅದನ್ನು ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. ಹೊಸ ಯಂತ್ರಗಳು ಇಷ್ಟು ಸುಲಭವಾಗಿ ಕೈಗೆ ದೊರೆಯುತ್ತಿರುವಾಗ, ನಲವತ್ತು ವರ್ಷಗಳ ಹಿಂದಿನ ಮಾದರಿಯ ಯಂತ್ರವೊಂದನ್ನು ಕೈಯಾರೆ ಕಟ್ಟುವುದು ಸಮಯದ ಅಪವ್ಯಯವೆಂದು ಯಾರಿಗಾದರೂ ತೋರಬಹುದು. ಹಾಗಲ್ಲವೆಂದು ನನ್ನ ಅಭಿಪ್ರಾಯ. ಅಷ್ಟೇ ಅಲ್ಲ, ನಮ್ಮ ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಇಂಥ ಯಂತ್ರವೊಂದನ್ನು ವಿದ್ಯಾರ್ಥಿಗಳು ತಮ್ಮ ಕೈಯಿಂದಲೇ ಕಟ್ಟಬೇಕೆಂದು ನಾನು ಹೇಳುತ್ತೇನೆ. ಏಕೆಂಬುದನ್ನು ವಿವರಿಸಬೇಕಾದರೆ ನನ್ನ ಬಾಲ್ಯದ ಯಂತ್ರದ ವಿಷಯವನ್ನು ಮೊದಲು ಹೇಳಬೇಕು.

೧೯೮೪ರಲ್ಲಿ ಭಾರತ ಸರಕಾರವು ಶಾಲಾಮಕ್ಕಳಿಗೆ ಗಣಕಯಂತ್ರದ ಪರಿಚಯವನ್ನು ಮಾಡಿಸಲು ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿತು. ದೇಶದ ಸುಮಾರು ೨೫೦ ಶಾಲೆಗಳನ್ನು ಅದಕ್ಕಾಗಿ ಮೊದಲು ಆರಿಸಲಾಯಿತು. ಆ ಶಾಲೆಗಳಿಗೆ ಬಂದದ್ದು ‘ಬಿಬಿಸಿ ಮೈಕ್ರೊ’ ಎಂಬ ಯಂತ್ರ. ಇಂಗ್ಲೆಂಡಿನ ಬಾನುಲಿ ಸಂಸ್ಥೆಯಾದ ಬಿಬಿಸಿಯು ಜನರಿಗೆ ಗಣಕಜ್ಞಾನವನ್ನು ಹರಡುವ ಕಾರ್ಯಕ್ರಮವೊಂದನ್ನು ಹಮ್ಮಿಕೊಂಡಾಗ, ಕೇಂಬ್ರಿಜ್ ನಗರದ ಏಕಾರ್ನ್ ಎಂಬ ಸಣ್ಣ ಸಂಸ್ಥೆಯು ಅದಕ್ಕಾಗಿ ಈ ಯಂತ್ರವನ್ನು ತಯಾರಿಸಿತು. ೧೯೮೧ರ ಡಿಸೆಂಬರ್ ತಿಂಗಳಲ್ಲಿ ಅದು ಹೊರಬಂದಿತು. ಅದರ ಹೆಚ್ಚು ಬಳಕೆಯಾದ ಮಾದರಿಯ ನೆನಪಿನ ಶಕ್ತಿ ೩೨ ಕಿಲೋಬೈಟ್, ಎಂದರೆ ೩೨,೭೬೮ ಅಕ್ಷರಗಳನ್ನು ಇರಿಸಿಕೊಳ್ಳುವಷ್ಟು ಸ್ಥಳ. ಇಂದು ಫೋನಿನಲ್ಲಿ ತೆಗೆದ ಒಂದೇ ಒಂದು ಭಾವಚಿತ್ರಕ್ಕೆ ಅಷ್ಟು ಸ್ಥಳ ಸಾಲದು.

ನಾನು ಜಿಲ್ಲಾಕೇಂದ್ರದಲ್ಲಿ ಚಿಕ್ಕಪ್ಪನವರ ಮನೆಯಲ್ಲಿದ್ದುಕೊಂಡು ಓದುತ್ತಿದ್ದ ಶಾಲೆಗೂ ಈ ಯಂತ್ರ ಬಂದಿತು. ಅದಕ್ಕಾಗಿ ಒಂದು ಕೊಠಡಿಗೆ ಸುಣ್ಣ ಬಳಿಸಿ, ಕಿಟಕಿಗೆ ಪರದೆ ಕಟ್ಟಿದರು. ಒಳಗೆ ಹೋಗುವಾಗ ಬಾಗಿಲಲ್ಲಿ ಚಪ್ಪಲಿ ಬಿಡಬೇಕಾಗಿತ್ತು. ಯಂತ್ರಕ್ಕೆ ಬಟ್ಟೆಯ ಹೊದಿಕೆ ಇತ್ತು. ಗುರುಗಳು ಹೊದಿಕೆ ತೆಗೆದು ಗುಂಡಿಯನ್ನು ಒತ್ತಿದರೆ ಅದು ಎರಡು ಸ್ವರಗಳ ಸಣ್ಣ ದನಿಯನ್ನು ಹೊರಡಿಸುತ್ತಿತ್ತು. ಕಪ್ಪು ಪರದೆಯ ಮೇಲೆ ಯಂತ್ರದ ಹೆಸರು, ಅದರ ಕೆಳಗೆ ‘ಬೇಸಿಕ್’ ಎಂಬ ಭಾಷೆಯ ಹೆಸರು, ಮತ್ತೂ ಕೆಳಗೆ ಬಾಣದ ಮೊನೆಯಂತಹ ಒಂದು ಗುರುತು ಮೂಡುತ್ತಿದ್ದವು. ಅಷ್ಟೇ. ಆ ಬಾಣದ ಮೊನೆಯು, “ನೀನೇನು ಹೇಳುತ್ತೀಯೋ ಹೇಳು, ನಾನು ಮಾಡುತ್ತೇನೆ” ಎಂದು ನಮ್ಮನ್ನು ಕಾಯುತ್ತಿರುವಂತೆ ತೋರುತ್ತಿತ್ತು. ಇಂದಿನ ಫೋನು ತೆರೆದೊಡನೆ ನೂರು ಚಿತ್ರಗಳನ್ನು ಮುಂದೊಡ್ಡಿ, “ಇದನ್ನು ನೋಡು, ಅದನ್ನು ಕೊಳ್ಳು” ಎಂದು ನಮಗೆ ಹೇಳುತ್ತದೆ. ಆ ಯಂತ್ರ ಏನನ್ನೂ ಹೇಳುತ್ತಿರಲಿಲ್ಲ, ಕೇಳುತ್ತಿತ್ತು. ಈ ಒಂದು ವ್ಯತ್ಯಾಸ ನನ್ನ ಮನಸ್ಸಿನಲ್ಲಿ ನಾಟಿ ನಿಂತಿದೆ.

ಆದರೆ ಬಾಲ್ಯದ್ದೆಂಬ ಒಂದೇ ಕಾರಣದಿಂದ ಯಾವುದನ್ನೂ ಹೊಗಳಬಾರದು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಕಾಲದ ದೂರಕ್ಕೂ ಸಲ್ಲುತ್ತದೆ. ನಮ್ಮ ತರಗತಿಯಲ್ಲಿ ನಲವತ್ತು ಮಂದಿ ಇದ್ದೆವು. ಕೀಲಿಮಣೆ ಇದ್ದುದು ಒಂದು. ವಾರಕ್ಕೊಂದು ಅವಧಿಯಲ್ಲಿ ಐದಾರು ಹುಡುಗರು ಮುಂದೆ ನುಗ್ಗಿ ಕುಳಿತರೆ ಉಳಿದವರು ಅವರ ಬೆನ್ನನ್ನು ನೋಡುತ್ತಿದ್ದರು. ಹುಡುಗಿಯರ ಸಾಲು ಹಿಂದಿನ ಗೋಡೆಗೆ ಒತ್ತಿ ನಿಲ್ಲುತ್ತಿತ್ತು. ಗಣಿತದಲ್ಲಿ ನಮ್ಮೆಲ್ಲರನ್ನೂ ಮೀರಿಸುತ್ತಿದ್ದ ಒಬ್ಬ ಹುಡುಗಿ ಆ ಸಾಲಿನಲ್ಲಿದ್ದಳು. ನಾವು ತಪ್ಪಾಗಿ ಬರೆದ ಸೂಚನೆಯನ್ನು ಅವಳು ಹಿಂದಿನಿಂದಲೇ ಗುರುತಿಸಿ ಮೆಲ್ಲನೆ ಹೇಳುತ್ತಿದ್ದಳು. ನಾವು ಅದನ್ನು ತಿದ್ದಿಕೊಂಡು ಗುರುಗಳಿಂದ ಶಹಬಾಸ್‌ಗಿರಿ ಪಡೆಯುತ್ತಿದ್ದೆವು. ಆ ವರ್ಷವಿಡೀ ಅವಳ ಬೆರಳು ಒಂದು ಕೀಲಿಯನ್ನೂ ಮುಟ್ಟಲಿಲ್ಲ. ಅಂದು ಅದು ನನಗೆ ಅನ್ಯಾಯವೆಂದು ತೋರಲೇ ಇಲ್ಲ ಎಂಬುದನ್ನು ನೆನೆದರೆ ಇಂದು ನಾಚಿಕೆಯಾಗುತ್ತದೆ.

ಎರಡನೆಯ ಕೊರತೆ ಭಾಷೆಯದು. ಯಂತ್ರಕ್ಕೆ ತಿಳಿದಿದ್ದುದು ಇಂಗ್ಲಿಷ್ ಅಕ್ಷರ ಮಾತ್ರ. ನಾನು ನನ್ನ ಊರಿನ ಹೆಸರನ್ನು ಬರೆಯಲು ಹೋದಾಗ ‘ಳ್ಳಿ’ ಎಂಬುದಕ್ಕೆ ಆ ಕೀಲಿಮಣೆಯಲ್ಲಿ ಎಡೆಯೇ ಇರಲಿಲ್ಲ.

ಮೂರನೆಯ ಕೊರತೆ ಎಲ್ಲಕ್ಕಿಂತ ದೊಡ್ಡದು. ಆಯುಧಪೂಜೆಯ ದಿನ ಆ ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ ಹೂ ಮುಡಿಸಿದೆವು. ಮುಂದಿನ ಮಳೆಗಾಲದಲ್ಲಿ ಅದು ಕೆಟ್ಟಿತು. ಗುಂಡಿ ಒತ್ತಿದರೆ ದನಿ ಬರಲಿಲ್ಲ. ಅದರ ಮುಚ್ಚಳವನ್ನು ತೆಗೆದು ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ರಿಪೇರಿಗೆ ಬರೆದ ಕಾಗದಗಳಿಗೆ ಉತ್ತರ ಬರಲಿಲ್ಲ. ಅದು ಮತ್ತೆ ಹೊದಿಕೆ ಹೊದ್ದುಕೊಂಡು ಕುಳಿತಿತು. ನಾನು ಶಾಲೆ ಬಿಡುವವರೆಗೂ ಹಾಗೆಯೇ ಕುಳಿತಿತ್ತು. ನಮ್ಮೂರಿನಲ್ಲಿ ಪಂಪ್‌ಸೆಟ್ಟು ಕೆಟ್ಟರೆ ಬಿಚ್ಚಿ ನೋಡುವವರಿದ್ದರು. ಸೈಕಲ್ಲು, ಗಡಿಯಾರ, ರೇಡಿಯೋ ಯಾವುದು ಕೆಟ್ಟರೂ ಬಿಚ್ಚಿ ನೋಡುವವರಿದ್ದರು. ಈ ಯಂತ್ರವನ್ನು ಮಾತ್ರ ನಾವು ಪೂಜಿಸಬಲ್ಲವರಾಗಿದ್ದೆವೇ ಹೊರತು ಬಿಚ್ಚಬಲ್ಲವರಾಗಿರಲಿಲ್ಲ.

ಆದುದರಿಂದಲೇ ನಾನು ಗೆಂಡೆಹಳ್ಳಿಯ ನಡುಮನೆಯಲ್ಲಿ ಕಟ್ಟಲು ಹೊರಟದ್ದು ಆ ಯಂತ್ರದ ಯಥಾವತ್ತಾದ ಪ್ರತಿಯನ್ನಲ್ಲ. ಅದರ ಹೃದಯವನ್ನು ಮಾತ್ರ ತೆಗೆದುಕೊಂಡು ಅದಕ್ಕೆ ಮುಚ್ಚಳವಿಲ್ಲದಂತೆ ಮಾಡುವುದು ನನ್ನ ಉದ್ದೇಶವಾಗಿತ್ತು.

ಬಿಬಿಸಿ ಯಂತ್ರದ ಹೃದಯವೆಂದರೆ ‘೬೫೦೨’ ಎಂಬ ಹೆಸರಿನ ಸಂಸ್ಕಾರಕ ಚಿಪ್ಪು. ೧೯೭೫ರಲ್ಲಿ ಅಮೆರಿಕದಲ್ಲಿ ಅದು ಹೊರಬಂದಾಗ ಅದರ ಬೆಲೆ ೨೫ ಡಾಲರ್. ಅಂದಿನ ದಿನಗಳಲ್ಲಿ ಅಷ್ಟು ಅಗ್ಗದ ಸಂಸ್ಕಾರಕವು ಜನರನ್ನು ಬೆರಗುಗೊಳಿಸಿತ್ತು. ಅದರೊಳಗೆ ಇರುವುದು ಸುಮಾರು ಮೂರೂವರೆ ಸಾವಿರ ಟ್ರಾನ್ಸಿಸ್ಟರುಗಳು. ಇಂದಿನ ಒಳ್ಳೆಯ ಫೋನಿನ ಚಿಪ್ಪಿನಲ್ಲಿ ಅವುಗಳ ಸಂಖ್ಯೆ ಸಾವಿರ ಕೋಟಿಯನ್ನು ಮೀರುತ್ತದೆ. ಸಾವಿರ ಕೋಟಿಯನ್ನು ಯಾವ ಮನುಷ್ಯನೂ ಒಂದೊಂದಾಗಿ ತಿಳಿಯಲಾರನು. ೬೫೦೨ರ ಆದೇಶಗಳು ಐವತ್ತಾರೇ. ನಮ್ಮ ವರ್ಣಮಾಲೆಗಿಂತ ಕೆಲವು ಮಾತ್ರ ಹೆಚ್ಚು. ವರ್ಣಮಾಲೆಯನ್ನು ಕಲಿತ ಮಗುವಿಗೆ ಅವನ್ನು ಕಲಿಯುವುದು ಅಸಾಧ್ಯವೇನಲ್ಲ. ಆ ಚಿಪ್ಪಿನ ಸುಧಾರಿತ ರೂಪವೊಂದು ಇಂದಿಗೂ ತಯಾರಾಗುತ್ತದೆ. ಅದನ್ನು ಅಂಚೆಯ ಮೂಲಕ ತರಿಸಿಕೊಂಡೆ. ಉಳಿದ ಸಾಮಾನುಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕೊಂಡೆ. ಎಲ್ಲವೂ ಸೇರಿ ಸಾಧಾರಣವಾದ ಒಂದು ಫೋನಿನ ಬೆಲೆಯೂ ಆಗಲಿಲ್ಲ.

ಅದು ಕೆಲಸ ಮಾಡುವ ಬಗೆಯನ್ನು ಅಂಚೆಯ ಹೋಲಿಕೆಯಿಂದ ತಿಳಿಯಬಹುದು. ಒಂದು ಊರಿನಲ್ಲಿ ೬೫,೫೩೬ ಮನೆಗಳಿವೆ ಎಂದು ಭಾವಿಸಿರಿ. ಪ್ರತಿಯೊಂದು ಮನೆಗೂ ಒಂದು ಸಂಖ್ಯೆ ಉಂಟು. ಪ್ರತಿಯೊಂದು ಮನೆಯಲ್ಲಿಯೂ ೦ಯಿಂದ ೨೫೫ರವರೆಗಿನ ಯಾವುದಾದರೂ ಒಂದು ಅಂಕಿ ವಾಸವಾಗಿರುತ್ತದೆ. ಚಿಪ್ಪಿಗೆ ನಲವತ್ತು ಕಾಲುಗಳಿವೆ. ಅವುಗಳಲ್ಲಿ ಹದಿನಾರು ಕಾಲುಗಳು ಮನೆಯ ವಿಳಾಸವನ್ನು ಹೇಳುತ್ತವೆ. ಎಂಟು ಕಾಲುಗಳು ಆ ಮನೆಯ ಅಂಕಿಯನ್ನು ಹೊತ್ತು ತರುತ್ತವೆ, ಇಲ್ಲವೆ ಹೊಸ ಅಂಕಿಯನ್ನು ಅಲ್ಲಿಗೆ ಮುಟ್ಟಿಸುತ್ತವೆ. ಊರಿನ ಮೇಲಿನ ಅರ್ಧ ಭಾಗದಲ್ಲಿ ವಿದ್ಯುತ್ತು ಹೋದರೂ ಅಳಿಯದ ಅಂಕಿಗಳಿರುತ್ತವೆ. ನಾವು ಬರೆದ ಕಾರ್ಯಕ್ರಮವನ್ನು ಇರಿಸುವುದು ಅಲ್ಲಿ. ಕೆಳಗಿನ ಭಾಗವು ಬರೆದು ಅಳಿಸುವ ಹಲಗೆಯಂತೆ. ನಡುವಿನ ಕೆಲವೇ ಮನೆಗಳನ್ನು ಹೊರಗಿನ ಪ್ರಪಂಚದೊಡನೆ, ಎಂದರೆ ಗುಂಡಿಗಳೊಡನೆಯೂ ಅಕ್ಷರ ತೋರುವ ಫಲಕದೊಡನೆಯೂ, ವ್ಯವಹರಿಸಲು ಮೀಸಲಾಗಿಟ್ಟಿದ್ದೆ. ಗಣಕಯಂತ್ರವೆಂಬುದರ ರಹಸ್ಯ ಇಷ್ಟೇ: ವಿಳಾಸ ಹೇಳು, ಅಂಕಿ ತಾ, ವಿಳಾಸ ಹೇಳು, ಅಂಕಿ ಇಡು. ಸಾವಿರ ಕೋಟಿ ಟ್ರಾನ್ಸಿಸ್ಟರುಗಳ ಫೋನು ಕೂಡ ತನ್ನ ಆಳದಲ್ಲಿ ಮಾಡುವುದು ಇದನ್ನೇ.

ಹೊಸ ರೂಪದ ಈ ಚಿಪ್ಪಿನಲ್ಲಿ ಇನ್ನೊಂದು ಗುಣವಿದೆ. ಅದನ್ನು ಎಷ್ಟು ಬೇಕಾದರೂ ನಿಧಾನವಾಗಿ ನಡೆಸಬಹುದು. ಬಿಬಿಸಿ ಯಂತ್ರವು ಸೆಕೆಂಡಿಗೆ ಇಪ್ಪತ್ತು ಲಕ್ಷ ಹೆಜ್ಜೆಗಳನ್ನು ಇಡುತ್ತಿತ್ತು. ನಾನು ಗಡಿಯಾರದ ಸಂಜ್ಞೆಯ ಬದಲಿಗೆ ಒಂದು ಗುಂಡಿಯನ್ನು ಜೋಡಿಸಿದೆ. ಒಂದು ಸಲ ಒತ್ತಿದರೆ ಒಂದು ಹೆಜ್ಜೆ. ಒತ್ತದಿದ್ದರೆ ಯಂತ್ರ ಅಲ್ಲಿಯೇ ನಿಂತಿರುತ್ತದೆ. ವಿಳಾಸದ ಹದಿನಾರು ತಂತಿಗಳಿಗೂ ಒಂದೊಂದು ಕೆಂಪು ದೀಪವನ್ನು ಕಟ್ಟಿದೆ. ಯಂತ್ರವು ಯಾವ ಮನೆಯ ಬಾಗಿಲಲ್ಲಿ ನಿಂತಿದೆ ಎಂಬುದು ಈಗ ಕಣ್ಣಿಗೆ ಕಾಣುವಂತಾಯಿತು. ಎಚ್ಚರಗೊಂಡ ಸಂಸ್ಕಾರಕವು ಕೆಲವು ಹೆಜ್ಜೆಗಳಾದ ಮೇಲೆ, ಕಾರ್ಯಕ್ರಮವು ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ಓದಿಕೊಳ್ಳಲು ಒಂದು ಗೊತ್ತಾದ ಮನೆಗೆ ಹೋಗುತ್ತದೆ. ಆಗ ಹದಿನಾರು ದೀಪಗಳಲ್ಲಿ ಮೊದಲ ಹದಿನಾಲ್ಕು ಉರಿದು, ಕೊನೆಯ ಎರಡು ಆರಿರುತ್ತವೆ. ಮತ್ತೊಂದು ಹೆಜ್ಜೆಗೆ ಕಟ್ಟಕಡೆಯ ದೀಪವೂ ಉರಿಯುತ್ತದೆ. ನನ್ನ ಸೊಸೆಯಂಥ ಆ ಹುಡುಗಿ ಗುಂಡಿ ಒತ್ತುತ್ತ ಇದನ್ನು ಕಂಡು, “ಅಯ್ಯೋ, ಇದು ಪುಸ್ತಕದಲ್ಲಿ ಇರುವಂತೆಯೇ ಮಾಡುತ್ತದೆ!” ಎಂದಳು. ಅಂದಿನಿಂದ ಅವಳು ಮೇಜನ್ನು ಬಿಟ್ಟು ಏಳಲಿಲ್ಲ.

ಆದರೆ ಯಂತ್ರ ಸುಲಭವಾಗಿ ನಮ್ಮ ಮಾತು ಕೇಳಲಿಲ್ಲ. ಕಾರ್ಯಕ್ರಮವು ನಾಲ್ಕು ಹೆಜ್ಜೆ ಸರಿಯಾಗಿ ನಡೆಯುವುದು, ಐದನೆಯದಕ್ಕೆ ಎಲ್ಲಿಗೋ ಹಾರಿಬಿಡುವುದು. ಮೂರು ಸಂಜೆ ನಾನು ತಂತಿಗಳನ್ನು ಕಿತ್ತು ಜೋಡಿಸಿದೆ, ಕಾರ್ಯಕ್ರಮವನ್ನು ತಿದ್ದಿದೆ, ಚಿಪ್ಪೇ ಕೆಟ್ಟಿರಬೇಕೆಂದು ಬೇಸತ್ತು ಎದ್ದೆ. ನಾಲ್ಕನೆಯ ಸಂಜೆ ಅವಳು, “ಮಾವ, ನಾನು ಕೈಯನ್ನು ಹತ್ತಿರ ತಂದರೆ ತಪ್ಪು ಮಾಡುತ್ತದೆ, ದೂರ ಇಟ್ಟುಕೊಂಡರೆ ಮಾಡುವುದಿಲ್ಲ” ಎಂದಳು. ನಾನು ನಂಬಲಿಲ್ಲ. ಅವಳು ತೋರಿಸಿದಳು. ಅಷ್ಟೇ ಅಲ್ಲದೆ, ತಪ್ಪು ಮಾಡುವಾಗಲೆಲ್ಲ ದೀಪಗಳು ಒಂದೇ ರೀತಿಯಲ್ಲಿ ಉರಿಯುವುದನ್ನು ಗಮನಿಸಿ ಹಾಳೆಯ ಮೇಲೆ ಬರೆದಿಟ್ಟಿದ್ದಳು. ಅದು ತುರ್ತು ಕರೆ ಬಂದಾಗ ಮಾತ್ರ ಸಂಸ್ಕಾರಕವು ಹೋಗಬೇಕಾದ ಮನೆಯ ವಿಳಾಸವಾಗಿತ್ತು. ತುರ್ತು ಕರೆಗೆಂದು ಚಿಪ್ಪಿಗೆ ಒಂದು ಪ್ರತ್ಯೇಕವಾದ ಕಾಲಿದೆ. ನಮಗೆ ಅದರ ಅಗತ್ಯವಿಲ್ಲವೆಂದು ನಾನು ಅದನ್ನು ಯಾವುದಕ್ಕೂ ಕಟ್ಟದೆ ಹಾಗೆಯೇ ಬಿಟ್ಟಿದ್ದೆ. ಕಟ್ಟದೆ ಬಿಟ್ಟ ಗಂಟೆಯ ಹಗ್ಗ ಗಾಳಿಗೆ ಅಲುಗಾಡಿ ಗಂಟೆ ಬಾರಿಸಿದಂತೆ, ಕೈ ಹತ್ತಿರ ಬಂದಾಗಲೆಲ್ಲ ಆ ಕಾಲು ಸುಳ್ಳು ಕರೆಯನ್ನು ಕೊಡುತ್ತಿತ್ತು. ಐದು ವೋಲ್ಟಿನ ತಂತಿಗೆ ಅದನ್ನು ಒಂದು ಸಣ್ಣ ರೋಧಕದ ಮೂಲಕ ಬಿಗಿದು ಕಟ್ಟಿದೆವು. ಯಂತ್ರ ಸರಿಹೋಯಿತು.

ಈ ಘಟನೆಯನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವಿದೆ. ಅವಳ ಶಾಲೆಯಲ್ಲಿ ಗಣಕವಿಷಯದ ಪುಸ್ತಕವಿದೆ. ಅದರಲ್ಲಿ ಅವಳಿಗೆ ಒಳ್ಳೆಯ ಅಂಕಗಳೂ ಬರುತ್ತವೆ. ಆದರೆ ಯಂತ್ರದ ತಪ್ಪಿಗೆ ಒಂದು ಕಾರಣವಿರುತ್ತದೆ, ಆ ಕಾರಣವನ್ನು ಹುಡುಕಬಹುದು, ಹುಡುಕುವವಳು ತಾನೇ ಆಗಬಹುದು ಎಂಬುದನ್ನು ಅವಳಿಗೆ ಯಾವ ಪುಸ್ತಕವೂ ಕಲಿಸಿರಲಿಲ್ಲ. ಆ ಸಂಜೆ ಮೇಜಿನ ಮುಂದೆ ಅವಳು ಎದೆಯೆತ್ತಿ ನಿಂತಾಗ, ಹಿಂದಿನ ಗೋಡೆಗೆ ಒತ್ತಿ ನಿಂತಿದ್ದ ನನ್ನ ಸಹಪಾಠಿಯ ನೆನಪು ನನಗೆ ಬಂದಿತು.

ಇನ್ನು ಆಕ್ಷೇಪಗಳನ್ನು ವಿಚಾರಿಸೋಣ. ಹೊಸ ಯಂತ್ರಗಳಿರುವಾಗ ಹಳೆಯದರಿಂದ ಏಕೆ ಕಲಿಯಬೇಕು ಎಂಬುದು ಮೊದಲನೆಯದು. ನಿಮ್ಮ ಜೀವಶಾಸ್ತ್ರದ ತರಗತಿಯನ್ನು ನೆನಪಿಗೆ ತಂದುಕೊಳ್ಳಿ. ಹೂವಿನ ಭಾಗಗಳನ್ನು ತಿಳಿಸಲು ಗುರುಗಳು ಸಾಮಾನ್ಯವಾಗಿ ದಾಸವಾಳವನ್ನು ತರುತ್ತಾರೆ. ದಾಸವಾಳವೇ ಹೂಗಳಲ್ಲೆಲ್ಲ ಶ್ರೇಷ್ಠವೆಂದಲ್ಲ; ಅದರ ದಳ, ಕೇಸರ, ಶಲಾಕೆಗಳು ದೊಡ್ಡವಾಗಿದ್ದು ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತವೆ ಎಂದು. ಅದನ್ನು ಕುಯ್ದು ಕಲಿತವರು ತುಂಬೆಯ ಹೂವನ್ನೂ ಅರ್ಥಮಾಡಿಕೊಳ್ಳುತ್ತಾರೆ. ಹಳೆಯ ಯಂತ್ರವು ಗಣಕಗಳಲ್ಲಿ ದಾಸವಾಳದ ಹಾಗೆ. ಅದನ್ನು ನಾವು ಆರಿಸುವುದು ಅದರ ವಯಸ್ಸಿಗಾಗಿ ಅಲ್ಲ, ಅದರ ನಿಚ್ಚಳತೆಗಾಗಿ.

ಎಲ್ಲರೂ ಯಂತ್ರ ಕಟ್ಟುವವರಾಗಬೇಕೆ ಎಂಬುದು ಎರಡನೆಯ ಆಕ್ಷೇಪ. ಊರಿನ ಜನರೆಲ್ಲ ಕಮ್ಮಾರರಾಗಬೇಕಿಲ್ಲ, ನಿಜ. ಆದರೆ ನೇಗಿಲಿನ ಕುಳ ಎಲ್ಲಿ ಸವೆಯುತ್ತದೆ, ಏಕೆ ಸವೆಯುತ್ತದೆ ಎಂಬುದು ಪ್ರತಿಯೊಬ್ಬ ರೈತನಿಗೂ ಗೊತ್ತಿರುತ್ತದೆ. ಇಂದು ಯಾವುದಾದರೂ ಕಛೇರಿಗೆ ಹೋಗಿ ನೋಡಿ. ಹೆಸರಿನಲ್ಲಿ ಒಂದಕ್ಷರ ತಪ್ಪಾದ ಮುದುಕಿಯೊಬ್ಬಳು ಬಂದರೆ, “ಕಂಪ್ಯೂಟರಿನಲ್ಲಿ ಹೀಗೆಯೇ ಇದೆ, ಅಜ್ಜಿ, ನಾವೇನು ಮಾಡುವುದು?” ಎಂಬ ಉತ್ತರ ಆಕೆಗೆ ದೊರೆಯುವುದುಂಟು. ಹಣೆಬರಹಕ್ಕೆ ಹೊಣೆ ಯಾರು ಎನ್ನುವಂತೆ ಆ ಮಾತು ಅಲ್ಲಿಗೆ ಮುಗಿಯುತ್ತದೆ. ಒಂದು ಸಲವಾದರೂ ತನ್ನ ಕೈಯಾರೆ ಒಂದು ಮನೆಯಲ್ಲಿ ಅಂಕಿಯನ್ನು ಇಟ್ಟವನಿಗೆ, ಅಲ್ಲಿರುವುದು ಯಾರೋ ಇಟ್ಟದ್ದು, ಇಟ್ಟದ್ದನ್ನು ತೆಗೆದು ಬೇರೆ ಇಡಬಹುದು ಎಂಬುದು ಗೊತ್ತಿರುತ್ತದೆ. ಅವನು ಮುದುಕಿಗೆ ಹಾಗೆ ಹೇಳಲಾರನು. ಯಾರಾದರೂ ಹೇಳಿದರೆ ಕೇಳಿಕೊಂಡು ಸುಮ್ಮನಿರಲಾರನು. ಯಂತ್ರದ ಮುಂದೆ ನಾವು ಪ್ರಜೆಗಳಾಗಿ ನಿಲ್ಲುತ್ತೇವೆಯೋ ಭಕ್ತರಾಗಿ ನಿಲ್ಲುತ್ತೇವೆಯೋ ಎಂಬುದು ಈ ಒಂದು ತಿಳಿವಳಿಕೆಯ ಮೇಲೆ ನಿಂತಿದೆ.

ಇದು ಬರಿಯ ಹಳೆಯ ನೆನಪಿನ ಹಂಬಲವಲ್ಲವೆ ಎಂಬುದು ಮೂರನೆಯ ಆಕ್ಷೇಪ. ಲೋಕದಲ್ಲಿ ಹಿಂದಿನ ಯಂತ್ರಗಳನ್ನು ಮತ್ತೆ ಕಟ್ಟಿದವರು ಹಲವರಿದ್ದಾರೆ. ಚಾರ್ಲ್ಸ್ ಬ್ಯಾಬೇಜನು ಹತ್ತೊಂಬತ್ತನೆಯ ಶತಮಾನದಲ್ಲಿ ನಕ್ಷೆ ಬರೆದಿಟ್ಟರೂ ಕಟ್ಟಲಾಗದೆ ಹೋದ ಲೆಕ್ಕದ ಯಂತ್ರವನ್ನು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದವರು ೧೯೯೧ರಲ್ಲಿ, ಆತನ ಇನ್ನೂರನೆಯ ಹುಟ್ಟುಹಬ್ಬದ ವರ್ಷದಲ್ಲಿ, ಕಟ್ಟಿ ನಿಲ್ಲಿಸಿದರು. ಅದು ಸರಿಯಾಗಿ ಲೆಕ್ಕ ಮಾಡಿತು. ಬ್ಯಾಬೇಜನ ವಿನ್ಯಾಸ ಸರಿಯಾಗಿತ್ತೆಂಬುದು ಕಟ್ಟಿದ್ದರಿಂದಲೇ ರುಜುವಾತಾಯಿತು. ಮ್ಯಾಂಚೆಸ್ಟರಿನಲ್ಲಿ ೧೯೪೮ರಲ್ಲಿ ಕೆಲಸ ಮಾಡಿದ, ತನ್ನ ನೆನಪಿನಲ್ಲಿಯೇ ಕಾರ್ಯಕ್ರಮವನ್ನು ಇರಿಸಿಕೊಂಡ ಮೊದಲ ವಿದ್ಯುನ್ಮಾನ ಗಣಕವನ್ನು ಅದರ ಐವತ್ತನೆಯ ವರ್ಷಕ್ಕೆ, ೧೯೯೮ರಲ್ಲಿ, ಮತ್ತೆ ಕಟ್ಟಿದರು. ಇವು ನೆನಪಿನ ಗೌರವಕ್ಕಾಗಿ ಕಟ್ಟಿದವು.

ನೆನಪಿನಿಂದ ಹೊಸದೇ ಹುಟ್ಟಿದ ಉದಾಹರಣೆಯೂ ಇದೆ. ಕೇಂಬ್ರಿಜ್‌ನಲ್ಲಿ ಗಣಕವಿಜ್ಞಾನವನ್ನು ಕಲಿಸುತ್ತಿದ್ದ ಎಬೆನ್ ಅಪ್ಟನ್ ಎಂಬಾತನು ಬಿಬಿಸಿ ಮೈಕ್ರೊ ಯಂತ್ರದ ಕಾಲದಲ್ಲಿ ಬೆಳೆದವನು. ಹೊಸದಾಗಿ ಸೇರಲು ಬರುವ ವಿದ್ಯಾರ್ಥಿಗಳಿಗೆ ಯಂತ್ರವನ್ನು ಬಳಸುವುದು ಗೊತ್ತಿದೆಯೇ ಹೊರತು ಅದಕ್ಕೆ ತಾವೇ ಏನನ್ನಾದರೂ ಹೇಳಿಕೊಡುವ ಅಭ್ಯಾಸ ತಪ್ಪಿಹೋಗುತ್ತಿದೆ ಎಂಬುದನ್ನು ಅವನೂ ಅವನ ಗೆಳೆಯರೂ ಗಮನಿಸಿದರು. ಮಕ್ಕಳ ಕೈಗೆಟುಕುವ ಬೆಲೆಯ, ಮುಚ್ಚಳವಿಲ್ಲದ, ಅಂಗೈಯಷ್ಟಗಲದ ಗಣಕವೊಂದನ್ನು ಅವರು ರೂಪಿಸಿದರು. ‘ರಾಸ್ಪ್‌ಬೆರಿ ಪೈ’ ಎಂಬ ಆ ಯಂತ್ರವು ೨೦೧೨ರ ಫೆಬ್ರವರಿ ೨೯ರಂದು ಮಾರಾಟಕ್ಕೆ ಬಂದಿತು. ತಮ್ಮ ಬಾಲ್ಯದ ಯಂತ್ರದ ಗೌರವಾರ್ಥವಾಗಿ ಅದರ ಮಾದರಿಗಳಿಗೆ ಬಿಬಿಸಿ ಮೈಕ್ರೊದಂತೆಯೇ ‘ಎ’, ‘ಬಿ’ ಎಂದು ಹೆಸರಿಟ್ಟರು. ಇಂದು ಅದು ಜಗತ್ತಿನ ಮೂಲೆಮೂಲೆಯ ಶಾಲೆಗಳಲ್ಲಿದೆ. ಹಂಬಲವು ಹಿಂದಕ್ಕೆ ನೋಡುತ್ತ ಕುಳಿತರೆ ವ್ಯರ್ಥ. ಅದು ಮುಂದಿನವರಿಗಾಗಿ ಏನನ್ನಾದರೂ ಕಟ್ಟಿದರೆ ಸಾರ್ಥಕ.

ಇಂಥ ಪ್ರಯತ್ನ ನಮ್ಮ ನಾಡಿನಲ್ಲಿಯೂ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಅಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ಇಂಜಿನಿಯರರೂ ಸೇರಿ, ಓದುಬರಹ ಬಾರದವರಿಗೂ ಉಪಯೋಗಕ್ಕೆ ಬರುವ ‘ಸಿಂಪ್ಯೂಟರ್’ ಎಂಬ ಅಂಗೈಗಣಕವನ್ನು ೨೦೦೧ರಲ್ಲಿ ರೂಪಿಸಿದರು. ಬರೆದದ್ದನ್ನು ಕನ್ನಡದಂತಹ ಭಾರತೀಯ ಭಾಷೆಗಳಲ್ಲಿ ಗಟ್ಟಿಯಾಗಿ ಓದಿ ಹೇಳುವ ಶಕ್ತಿ ಅದಕ್ಕಿತ್ತು. ಎಣಿಸಿದಷ್ಟು ಅದು ಮಾರಾಟವಾಗಲಿಲ್ಲ. ಆದರೆ ಯಂತ್ರವು ಜನರ ಬಳಿಗೆ ಜನರ ನುಡಿಯಲ್ಲಿ ಹೋಗಬೇಕೆಂಬ ಅದರ ಹಿಂದಿನ ವಿಚಾರ ಸೋಲಲಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವೂ ಇಂಥದೇ ವಿಚಾರದ ಫಲ. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲಿ ಕನ್ನಡದ ಅಕ್ಷರಸಂಪತ್ತೆಲ್ಲವನ್ನೂ ಅವರು ಹೊಂದಿಸಿದರು. ‘ಕ’ಕಾರದ ಕೀಲಿಯನ್ನು ಹಾಗೆಯೇ ಒತ್ತಿದರೆ ಅಲ್ಪಪ್ರಾಣ, ಶಿಫ್ಟ್ ಕೀಲಿಯೊಡನೆ ಒತ್ತಿದರೆ ‘ಖ’ ಎಂಬ ಮಹಾಪ್ರಾಣ. ಯಂತ್ರದ ಒಳಗನ್ನೂ ಕನ್ನಡ ವರ್ಣಮಾಲೆಯ ಒಳಗನ್ನೂ ಎರಡನ್ನೂ ಬಲ್ಲವರಿಂದ ಮಾತ್ರ ಇಂಥ ಕೆಲಸ ಆಗುತ್ತದೆ. ಹೊರಗಿನಿಂದ ಬಂದ ಯಂತ್ರವನ್ನು ಹೊದಿಕೆ ಹೊದಿಸಿ ಪೂಜಿಸಿದ್ದರೆ ಕನ್ನಡವು ಅದರೊಳಗೆ ಎಂದೂ ಪ್ರವೇಶಿಸುತ್ತಿರಲಿಲ್ಲ.

ಯಂತ್ರದೊಳಗೆ ಅಕ್ಷರ ಹೇಗೆ ಹುಟ್ಟುತ್ತದೆ ಎಂಬುದನ್ನು ನೀವು ಕಾಗದದ ಮೇಲೆಯೇ ಮಾಡಿ ನೋಡಬಹುದು. ಚುಕ್ಕಿರಂಗೋಲಿ ಇಡುವಂತೆ ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿ ಇಡಿ. ಎಡದಿಂದ ಬಲಕ್ಕೆ ಚುಕ್ಕಿಗಳ ಬೆಲೆ ೧೨೮, ೬೪, ೩೨, ೧೬, ೮, ೪, ೨, ೧ ಎಂದು ಗುರುತು ಹಾಕಿ. ಬೇಕಾದ ಚುಕ್ಕಿಗಳನ್ನು ತುಂಬಿ, ತುಂಬಿದ ಚುಕ್ಕಿಗಳ ಬೆಲೆಯನ್ನು ಸಾಲುಸಾಲಾಗಿ ಕೂಡಿ. ೬೦, ೬೬, ೧೨೯, ೧೨೯, ೧೨೯, ೧೨೯, ೬೬, ೬೦ ಎಂಬ ಎಂಟು ಅಂಕಿಗಳನ್ನು ಈ ರೀತಿ ಚುಕ್ಕಿಗಳಿಗೆ ತಿರುಗಿಸಿದರೆ ದುಂಡಾದ ಒಂದು ಸೊನ್ನೆ ಮೂಡುತ್ತದೆ. ಅದೇ ನಮ್ಮ ಅನುಸ್ವಾರ. ಬಿಬಿಸಿ ಯಂತ್ರದಲ್ಲಿಯೂ ಈ ಕ್ರಮದಿಂದ ಹೊಸ ಅಕ್ಷರಗಳನ್ನು ರಚಿಸಲು ಅವಕಾಶವಿತ್ತು. ಎಂದರೆ, ನನ್ನ ಊರಿನ ಹೆಸರನ್ನು ಬರೆಯುವ ದಾರಿ ಆ ಯಂತ್ರದೊಳಗೇ ಇತ್ತು. ಅದನ್ನು ನಮಗೆ ಹೇಳಿಕೊಡುವವರಿರಲಿಲ್ಲ, ನಾವೂ ಹುಡುಕಲಿಲ್ಲ.

ನಮ್ಮ ಹೊಸ ಯಂತ್ರದ ಅಕ್ಷರಫಲಕದ ನಿಯಮ ಇನ್ನೂ ಬಿಗಿಯಾದುದು. ಒಂದು ಅಕ್ಷರಕ್ಕೆ ಎಂಟು ಸಾಲು, ಆದರೆ ಸಾಲಿಗೆ ಐದೇ ಚುಕ್ಕಿ. ನಾವಾಗಿ ರಚಿಸಿಕೊಳ್ಳಬಹುದಾದ ಅಕ್ಷರಗಳು ಒಟ್ಟು ಎಂಟು ಮಾತ್ರ. ರಜೆಯ ಕೊನೆಯ ಎರಡು ದಿನ ಅವಳು ಗೆರೆಯೆಳೆದ ಹಾಳೆಯನ್ನು ಹಿಡಿದು ಕುಳಿತಳು. ‘ಗೆ’ ಎಂಬುದು ಐದು ಚುಕ್ಕಿಯ ಅಗಲದಲ್ಲಿ ಹಿಡಿಯಲಿಲ್ಲ. ಅದಕ್ಕೆ ಎರಡು ಮನೆ ಕೊಟ್ಟಳು. ಸೊನ್ನೆಗೆ ಒಂದು, ‘ಡೆ’ಗೆ ಎರಡು, ‘ಳ್ಳಿ’ಗೆ ಎರಡು. ಉಳಿದ ಒಂದೇ ಮನೆಯಲ್ಲಿ ‘ಹ’ವನ್ನು ಮೈಕೈ ಮುದುಡಿಸಿ ಕೂರಿಸಿದಳು. ಲೆಕ್ಕ ಹಾಕಿದರೆ ಸರಿಯಾಗಿ ಎಂಟು. ನಲವತ್ತು ವರ್ಷಗಳ ಹಿಂದೆ ನನಗೆ ಬರೆಯಲಾಗದ ಹೆಸರು, ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ, ಆ ಪುಟ್ಟ ಫಲಕದ ಮೇಲೆ ಮೂಡಿತು: ಗೆಂಡೆಹಳ್ಳಿ. ಅಕ್ಷರಗಳು ತುಸು ಸೊಟ್ಟಗಿದ್ದವು. ನಮ್ಮ ತಾಯಿ ಕನ್ನಡಕ ಹಾಕಿಕೊಂಡು ಬಂದು ಓದಿದರು. ಯಾರೂ ಹೇಳಿಕೊಡದೆಯೇ ಓದಿದರು.

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ನೀವು ನೋಡಿರಬಹುದು, ಇಲ್ಲವೆ ಅದರ ವಿಷಯವನ್ನು ಓದಿರಬಹುದು. ೧೧೧೭ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಆ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರನ್ನು ಕೆತ್ತಿದ್ದಾರೆ. ಗುಡಿಗೆ ಬರುವವರೆಲ್ಲ ಕೈಮುಗಿಯುತ್ತಾರೆ. ಕಲ್ಲು ಹೇಗೆ ವಿಗ್ರಹವಾಯಿತೆಂಬುದನ್ನು ಬಲ್ಲವನು ಮಾತ್ರ ಅದರ ಕೆಳಗೆ ತನ್ನ ಹೆಸರನ್ನು ಬರೆಯಬಲ್ಲನು. ನಮ್ಮ ಮಕ್ಕಳು ಇಂದಿನ ಯಂತ್ರಗಳ ಮುಂದೆ ಬರಿದೆ ಕೈಮುಗಿದು ನಿಲ್ಲುವವರಾಗದಿರಲಿ. ಒಂದು ಯಂತ್ರದ ಮುಚ್ಚಳವನ್ನಾದರೂ ಅವರು ತೆಗೆದು ನೋಡಲಿ. ಎರಡು ಸಾಲನ್ನಾದರೂ ತಾವೇ ಬರೆಯಿಸಲಿ. ಅದು ಕೆಟ್ಟಾಗ ಕಾರಣವನ್ನು ತಾವೇ ಹುಡುಕಲಿ.

ರಜೆ ಮುಗಿದು ನಾನು ಹೊರಟಾಗ ಯಂತ್ರವನ್ನು ಅವಳಿಗೇ ಬಿಟ್ಟು ಬಂದೆ. ಶಾಲೆಗೆ ತೆಗೆದುಕೊಂಡು ಹೋಗಿ ಗೆಳತಿಯರಿಗೆ ತೋರಿಸುವುದಾಗಿ ಹೇಳಿದಳು. “ಜೋಪಾನ, ಯಾರಾದರೂ ಮುಟ್ಟಿ ಕೆಡಿಸಿಯಾರು” ಎಂದು ನನ್ನ ತಂಗಿ ಎಚ್ಚರಿಸಿದಳು. “ಕೆಟ್ಟರೆ ಕೆಡಲಿ, ಅಮ್ಮ. ಸರಿಮಾಡುವುದು ನನಗೆ ಗೊತ್ತಿದೆ” ಎಂದಳು ಆ ಹುಡುಗಿ.